ಬೆಲ್ಲವಿದ್ದ ನಾಡಿನಲ್ಲಿ ಜೇನಿಗೇಕೆ ಬೆಲೆ?

ಕನ್ನಡದಲ್ಲಿ ‘ತುಪ್ಪ’ ಎಂಬ ಮಾತು ಮುಖ್ಯವಾಗಿ ಎರಡು ಪದಾರ್ಥಗಳಿಗೆ ಸಲ್ಲುತ್ತದೆ. ಬೆಣ್ಣೆ ಕಾಯಿಸಿದರೆ ಸಿಗುವುದು ಒಂದು. ಜೇನುಹುಟ್ಟನ್ನು ಹಿಂಡಿದರೆ ಸಿಗುವುದು ಇನ್ನೊಂದು. ತಮಿಳರು ‘ತೇನ್’ ಎಂದು, ತೆಲುಗರು ‘ತೇನೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ಅದೇ ಮೂಲದ ‘ಜೇನು’ ನಮ್ಮಲ್ಲಿ ಹುಳುವಿಗೂ ಹೆಸರು, ಅದು ಕೂಡಿಟ್ಟ ಸಿಹಿಗೂ ಹೆಸರು. ಬೇರೆಮಾಡಿ ಹೇಳಬೇಕಾದಾಗ ‘ಜೇನುತುಪ್ಪ’ ಎನ್ನುತ್ತೇವೆ. ಹೆಸರಿಟ್ಟವರು ಏನನ್ನು ನೆನೆದು ಇಟ್ಟರೋ, ಹೋಲಿಕೆಯಂತೂ ಚೆನ್ನಾಗಿ ಒಪ್ಪುತ್ತದೆ. ಹಾಲು ಮೊಸರಾಗಿ, ಮೊಸರು ಕಡೆದು ಬೆಣ್ಣೆಯಾಗಿ, ಬೆಣ್ಣೆ ಕಾದು ತುಪ್ಪವಾಗುತ್ತದೆ. ಹಾಲು ಒಂದು ದಿನಕ್ಕೆ ಕೆಡುತ್ತದೆ. ತುಪ್ಪ ತಿಂಗಳುಗಟ್ಟಲೆ ಉಳಿಯುತ್ತದೆ. ಹೂವಿನ ಮಕರಂದವೂ ಬೇಗ ಹುಳಿಯುವ ತೆಳ್ಳನೆಯ ಸಿಹಿನೀರೇ. ಅದನ್ನು ವರ್ಷಗಟ್ಟಲೆ ಕೆಡದ ಪದಾರ್ಥವನ್ನಾಗಿ ಮಾಡುವುದು ಹುಳುಗಳ ದುಡಿಮೆ.

ಜೇನಿನ ಬೆಲೆಯನ್ನು ಅರಿಯಲು ಈ ದುಡಿಮೆಯಿಂದಲೇ ಹೊರಡಬೇಕು. ಏಕೆಂದರೆ ಬರಿಯ ಸಿಹಿಗಾಗಿ ಜೇನನ್ನು ಹುಡುಕಿಕೊಂಡು ಹೋಗುವ ಅಗತ್ಯ ನಮ್ಮ ದೇಶಕ್ಕೆ ಬಹಳ ಹಿಂದೆಯೇ ತಪ್ಪಿಹೋಯಿತು. ಯುರೋಪಿನಲ್ಲಿ ಸಕ್ಕರೆ ಅಗ್ಗವಾಗುವ ತನಕ ಸಾಮಾನ್ಯರಿಗೆ ಇದ್ದ ಮುಖ್ಯ ಸಿಹಿ ಜೇನೇ. ನಮ್ಮಲ್ಲಾದರೋ ಕಬ್ಬನ್ನು ಅರೆದು ಬೆಲ್ಲ ಕಾಯಿಸುವ ವಿದ್ಯೆ ಎರಡು ಸಾವಿರ ವರ್ಷಗಳಿಗಿಂತ ಹಳೆಯದು. ಪಾಯಸಕ್ಕೆ ಬೆಲ್ಲ, ಹೋಳಿಗೆಗೆ ಬೆಲ್ಲ, ಬಿಸಿಲಲ್ಲಿ ಬಂದವರಿಗೆ ನೀರಿನೊಡನೆ ಬೆಲ್ಲ. ಹೀಗಿದ್ದೂ ಅಭಿಷೇಕದ ಪಂಚಾಮೃತದಲ್ಲಿ ಸಕ್ಕರೆ ಇದ್ದಂತೆಯೇ ಜೇನೂ ಬೇಕು. ಮದುವೆಗೆ ಬಂದ ವರನಿಗೆ ಕೊಡುವ ಮಧುಪರ್ಕದಲ್ಲಿ ಜೇನು ಬೇಕು. ವೈದ್ಯರು ಕೊಟ್ಟ ಚೂರ್ಣ ಕಲಸಲು ಜೇನು ಬೇಕು. ಬೆಲ್ಲದ ನಾಡಿನಲ್ಲಿ ಜೇನಿಗೆ ಪ್ರತ್ಯೇಕವಾದ ಈ ಸ್ಥಾನ ಹೇಗೆ ಬಂತು? ಅದು ಇಂದು ಎಷ್ಟು ಉಳಿದಿದೆ?

ಹೂವಿನಿಂದ ಹುಟ್ಟಿಗೆ

ಜೇನು ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಗ್ರೀಕ್ ದಾರ್ಶನಿಕ ಅರಿಸ್ಟಾಟಲ್ ಜೀವಿಗಳನ್ನು ಸೂಕ್ಷ್ಮವಾಗಿ ಗಮನಿಸಿ ಬರೆದವನು. ಆದರೂ ಜೇನು ಆಕಾಶದಿಂದ ಇಬ್ಬನಿಯಂತೆ ಇಳಿಯುತ್ತದೆ, ಹುಳುಗಳು ಅದನ್ನು ಕೇವಲ ಕೂಡಿಸುತ್ತವೆ ಎಂದೇ ಅವನು ನಂಬಿದ್ದ. ಹುಳು ತರುವುದು ಒಂದು, ಹುಟ್ಟಿನಲ್ಲಿ ಆಗುವುದು ಇನ್ನೊಂದು ಎಂಬುದು ಸ್ಪಷ್ಟವಾದದ್ದು ಈಚಿನ ಶತಮಾನಗಳಲ್ಲಿ.

ಕೆಲಸಗಾರ ಜೇನು ಹೂವಿನೊಳಗೆ ನಾಲಿಗೆ ಇಳಿಸಿ ಹೀರಿದ ಮಕರಂದ ಅದರ ಹೊಟ್ಟೆಗೆ ಹೋಗುವುದಿಲ್ಲ. ಜಠರಕ್ಕಿಂತ ಮುಂಚೆ ಬೇರೊಂದು ಚೀಲವಿದೆ. ಮಕರಂದ ಅಲ್ಲಿ ತುಂಬಿಕೊಳ್ಳುತ್ತದೆ. ಹುಳು ಗೂಡಿಗೆ ಮರಳಿ ಅದನ್ನು ಬಾಯಿಂದ ಬಾಯಿಗೆ ಗೂಡಿನ ಎಳೆಯ ಹುಳುಗಳಿಗೆ ದಾಟಿಸುತ್ತದೆ. ಮುಂದಿನದು ಅವುಗಳ ಪಾಲಿನ ಕೆಲಸ. ಒಂದೊಂದು ಹನಿಯನ್ನು ನಾಲಿಗೆಯ ಮೇಲೆ ಹೊರಕ್ಕೆ ಚಾಚಿ ಗಾಳಿಗೆ ಹಿಡಿದು, ಮತ್ತೆ ಒಳಕ್ಕೆಳೆದುಕೊಂಡು, ಮತ್ತೆ ಚಾಚಿ, ಹಲವು ನಿಮಿಷ ಹೀಗೆಯೇ ಮಾಡುತ್ತವೆ. ಅಷ್ಟರಲ್ಲಿ ಅವುಗಳ ಗ್ರಂಥಿಗಳಿಂದ ಒಸರುವ ಇನ್ವರ್ಟೇಸ್ ಎಂಬ ಕಿಣ್ವ ಹನಿಯಲ್ಲಿ ಬೆರೆಯುತ್ತದೆ. ಮಕರಂದದಲ್ಲಿರುವುದು ಬಹುಪಾಲು ನಾವು ತಿನ್ನುವ ಸಕ್ಕರೆಯೇ. ಕಿಣ್ವ ಅದನ್ನು ಒಡೆದು ಗ್ಲುಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳನ್ನಾಗಿ ಮಾಡುತ್ತದೆ.

ಆಮೇಲೆ ನೀರು ತೆಗೆಯುವ ಕೆಲಸ. ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರುವುದು ಸಾಮಾನ್ಯ. ಅದನ್ನು ಮೇಣದ ಕಣಗಳಲ್ಲಿ ತೆಳುವಾಗಿ ಹರಡಿ, ರಾತ್ರಿಯೆಲ್ಲ ಸಾಲಾಗಿ ನಿಂತು ರೆಕ್ಕೆ ಬೀಸಿ ಗಾಳಿ ಆಡಿಸುತ್ತವೆ. ಹೂವು ಹೆಚ್ಚಿದ ದಿನಗಳಲ್ಲಿ ಸಂಜೆ ಪೆಟ್ಟಿಗೆಗೆ ಕಿವಿಗೊಟ್ಟರೆ ಈ ಸದ್ದು ಕೇಳುತ್ತದೆ. ನೀರಿನ ಅಂಶ ಶೇ 20ರ ಆಸುಪಾಸಿಗೆ ಇಳಿದ ಮೇಲೆ ಕಣದ ಬಾಯಿಗೆ ಮೇಣದ ಮುಚ್ಚಳ ಬೀಳುತ್ತದೆ. ಮುಚ್ಚಿದ ಕಣ ಎಂದರೆ ಹಣ್ಣಾದ ಜೇನು ಎಂದರ್ಥ. ಮುಚ್ಚುವ ಮೊದಲೇ ಅವಸರಪಟ್ಟು ತೆಗೆದ ಜೇನು ಹುಳಿಯುತ್ತದೆ. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ತೊಂದರೆ ಜೇನು ಸಾಕುವವರಿಗೆಲ್ಲ ಗೊತ್ತು.

ಹಣ್ಣಾದ ಜೇನು ಏಕೆ ಕೆಡುವುದಿಲ್ಲ? ಕಾರಣ ಮೂರು. ಅದರಲ್ಲಿ ಸಕ್ಕರೆ ಎಷ್ಟು ಸಾಂದ್ರವೆಂದರೆ ಒಳಗೆ ಬಿದ್ದ ಸೂಕ್ಷ್ಮಜೀವಿಯ ಮೈಯ ನೀರನ್ನೇ ಅದು ಹೀರಿಬಿಡುತ್ತದೆ. ಎರಡನೆಯದಾಗಿ ಜೇನು ಆಮ್ಲೀಯ. ಸಿಹಿಯ ಭರಕ್ಕೆ ನಮ್ಮ ನಾಲಿಗೆಗೆ ಆ ಹುಳಿ ತಿಳಿಯುವುದಿಲ್ಲ, ಅಷ್ಟೆ. ಮೂರನೆಯದು ಹುಳುಗಳೇ ಬೆರೆಸಿದ ಇನ್ನೊಂದು ಕಿಣ್ವ. ಜೇನಿಗೆ ನೀರು ಸೇರಿದೊಡನೆ ಅದು ಎಚ್ಚೆತ್ತು ಅಲ್ಪಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತದೆ. ಗಾಯ ತೊಳೆಯಲು ಬಳಸುತ್ತಿದ್ದ ನೊರೆ ಬರುವ ಔಷಧಿಯೇ ಇದು. ಸುಟ್ಟ ಗಾಯಕ್ಕೆ ಜೇನು ಸವರುತ್ತಿದ್ದ ಹಳಬರಿಗೆ ಕಿಣ್ವದ ಹೆಸರು ತಿಳಿದಿರಲಿಲ್ಲ; ಪರಿಣಾಮ ತಿಳಿದಿತ್ತು. ಶುದ್ಧೀಕರಿಸಿದ ಜೇನನ್ನು ಗಾಯದ ಪಟ್ಟಿಗೆ ಲೇಪಿಸಿ ಬಳಸುವುದು ಈಗ ಆಸ್ಪತ್ರೆಗಳಲ್ಲೂ ಉಂಟು.

ಇಷ್ಟೆಲ್ಲ ಮಾಡಿ ಒಂದು ಹುಳು ಕೂಡಿಸುವುದೆಷ್ಟು? ಯುರೋಪಿನ ಜೇನಿನ ವಿಷಯದಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕ, ಅದರ ಆಯುಷ್ಯಕ್ಕೆಲ್ಲ ಒಂದು ಚಹಾ ಚಮಚದ ಹನ್ನೆರಡನೆಯ ಒಂದು ಪಾಲು. ದುಡಿಮೆಯ ಕಾಲದಲ್ಲಿ ಅದರ ಆಯುಷ್ಯವೇ ಸುಮಾರು ಆರು ವಾರ. ಅರ್ಧ ಕಿಲೋ ಜೇನಿಗೆ ಹೂವುಗಳಿಗೆ ಸುಮಾರು ಇಪ್ಪತ್ತು ಲಕ್ಷ ಭೇಟಿ ಬೇಕು. ನಮ್ಮ ಹುಳುಗಳ ಗಾತ್ರ ಬೇರೆ, ಲೆಕ್ಕ ತುಸು ಬದಲಾದೀತು. ಶ್ರಮದ ಅಳತೆ ಬದಲಾಗದು.

ನಮ್ಮ ನಾಲ್ಕು ಜೇನುಗಳು

ಸುಶ್ರುತ ಸಂಹಿತೆ ಎಂಟು ಬಗೆಯ ಜೇನನ್ನು ಹೆಸರಿಸುತ್ತದೆ. ಚರಕ ಸಂಹಿತೆ ನಾಲ್ಕನ್ನು. ವಿಂಗಡಣೆ ಹೆಚ್ಚಾಗಿ ಹುಳುವಿನ ಜಾತಿಯ ಮೇಲೆ. ಯಾವ ಹುಳು ಎಂಬುದರ ಮೇಲೆ ಜೇನಿನ ಗುಣ ನಿಲ್ಲುತ್ತದೆ ಎಂಬ ಈ ತಿಳಿವು ನಮ್ಮ ಹಳ್ಳಿಗಳಲ್ಲೂ ಇದೆ. ಕರ್ನಾಟಕದಲ್ಲಿ ಜೇನು ಬಲ್ಲವರು ಮುಖ್ಯವಾಗಿ ನಾಲ್ಕನ್ನು ಹೇಳುತ್ತಾರೆ.

ಮೊದಲನೆಯದು ಹೆಜ್ಜೇನು. ಎತ್ತರದ ಮರ, ಕಡಿದಾದ ಬಂಡೆ, ನೀರಿನ ಟ್ಯಾಂಕು, ನಗರದ ಬಹುಮಹಡಿ ಕಟ್ಟಡ ಇದರ ನೆಲೆ. ಬಯಲಿಗೆ ಜೋತುಬಿದ್ದ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಅದರ ಅಗಲ ಒಂದು ಮೀಟರು ದಾಟುವುದುಂಟು. ಹೂವಿನ ಕಾಲ ನೋಡಿಕೊಂಡು ಗುಳೆ ಹೋಗುವ ಜಾತಿ ಇದು. ಬೆಳದಿಂಗಳಿನಲ್ಲಿಯೂ ಹೂವಿಗೆ ಹಾರುತ್ತದೆ. ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ‘ಜೇನುಗೂಡಿಗೆ ಕಲ್ಲು ಹೊಡೆದಂತೆ’ ಎಂಬ ಮಾತು ಹುಟ್ಟಿದ್ದು ಇದರ ಸಿಟ್ಟಿನಿಂದಲೇ ಇರಬೇಕು. ಎರಡನೆಯದು ಕೋಲುಜೇನು. ಬೇಲಿಯ ಪೊದೆಯ ಸಣ್ಣ ಕೊಂಬೆಗೆ ಅಂಗೈಯಗಲದ ಎರಿ. ಸಿಗುವ ಜೇನು ಅತ್ಯಲ್ಪ. ಮೂರನೆಯದು ತುಡುವೆ. ಮರದ ಪೊಟರೆ, ಹುತ್ತ, ಕಲ್ಲಿನ ಸಂದುಗಳ ಕತ್ತಲೆಯಲ್ಲಿ ಒಂದರ ಪಕ್ಕ ಒಂದು ಹಲವು ಎರಿ ಕಟ್ಟುತ್ತದೆ. ಕತ್ತಲೆ ಬಯಸುವ ಸ್ವಭಾವದಿಂದಾಗಿಯೇ ಮಡಕೆಯಲ್ಲೋ ಪೆಟ್ಟಿಗೆಯಲ್ಲೋ ಸಾಕಿಸಿಕೊಳ್ಳಲು ಒಪ್ಪುತ್ತದೆ. ನಾಲ್ಕನೆಯದು ಮುಜಂಟಿ ಅಥವಾ ನಸರು. ಸೊಳ್ಳೆಗಿಂತ ತುಸು ದೊಡ್ಡ, ಕುಟುಕದ ಹುಳು. ಗೋಡೆಯ ಬಿರುಕಿನಲ್ಲಿ ಮೇಣ ಮತ್ತು ಮರದ ಅಂಟು ಬೆರೆಸಿ ಮಾಡಿದ ಪುಟ್ಟ ಕುಡಿಕೆಗಳಲ್ಲಿ ಹುಳಿಸಿಹಿ ಜೇನು ಇಡುತ್ತದೆ. ಮನೆಮದ್ದಿಗೆ ಇದಕ್ಕೇ ಹೆಚ್ಚು ಬೇಡಿಕೆ.

ಹುಳುವಿನಂತೆ ಹೂವೂ ಮುಖ್ಯ. ನೇರಳೆ ಹೂವಿನ ಕಾಲದ ಜೇನಿನಲ್ಲಿ ತೆಳುವಾದ ಕಹಿ, ಒಗರು ಇರುತ್ತದೆ. ದಕ್ಷಿಣ ಕನ್ನಡ ಮತ್ತು ಕೇರಳದ ರಬ್ಬರ್ ತೋಟಗಳ ಜೇನಿನ ಬಹುಪಾಲು ಹೂವಿನದೇ ಅಲ್ಲ. ರಬ್ಬರಿನ ಎಳೆಯ ಎಲೆತೊಟ್ಟಿನಲ್ಲಿರುವ ಗ್ರಂಥಿಗಳು ಒಸರುವ ಸಿಹಿನೀರಿನದು. ಸಹ್ಯಾದ್ರಿಯ ಕಾರ್ವಿ ಗಿಡ ಎಂಟು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಡುತ್ತದೆ. ಮಹಾಬಳೇಶ್ವರದ ಕಡೆ ಆ ವರ್ಷ ಸಿಗುವ ಜೇನು ಎಷ್ಟು ವಿಶಿಷ್ಟವೆಂದರೆ ನಮ್ಮ ದೇಶದ ಆಹಾರ ಮಾನದಂಡದಲ್ಲಿ ಅದಕ್ಕೇ ಬೇರೆ ಸಾಲು ಉಂಟು. ‘ಜೇನಿನ ರುಚಿ’ ಎಂಬುದು ಒಂದಲ್ಲ. ಪ್ರತಿ ಹುಟ್ಟಿನ ಜೇನು ಒಂದು ಊರಿನ ಒಂದು ಋತುವಿನ ಲೆಕ್ಕಪತ್ರ.

ಸುಲಿಗೆಯಿಂದ ಸಾಕಣೆಗೆ

ಮನುಷ್ಯ ಜೇನು ಕಿತ್ತ ಕಥೆ ಬೇಸಾಯಕ್ಕಿಂತ ಹಳೆಯದು. ಸ್ಪೇನಿನ ಒಂದು ಗವಿಯಲ್ಲಿ, ನಮ್ಮ ಮಧ್ಯಪ್ರದೇಶದ ಭೀಮ್‌ಬೆಟ್ಕಾ ಮತ್ತು ಪಚ್‌ಮಢಿಯ ಬಂಡೆಗಳಲ್ಲಿ, ಜೇನು ಕೀಳುವವರ ಪ್ರಾಚೀನ ಚಿತ್ರಗಳಿವೆ. ಕರ್ನಾಟಕದಲ್ಲಿ ಈ ಕಸುಬು ಒಂದು ಸಮುದಾಯದ ಹೆಸರೇ ಆಗಿದೆ. ಹೆಗ್ಗಡದೇವನಕೋಟೆ, ಹುಣಸೂರು, ಕೊಡಗಿನ ಕಾಡುಗಳ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು ತೆಗೆಯುವುದರಲ್ಲಿ ಪಳಗಿದವರು. ಚಂದ್ರನಿಲ್ಲದ ರಾತ್ರಿ, ಕೊಂಬೆಗಳೇ ಇಲ್ಲದ ನೆಟ್ಟನೆಯ ಮರಕ್ಕೆ ಗೂಟ ಬಡಿಯುತ್ತ ಏರಿ, ಹಸಿಸೊಪ್ಪಿನ ಹೊಗೆಯ ಸೂಡಿಯಿಂದ ಹುಳುಗಳನ್ನು ಸರಿಸುತ್ತಾರೆ. ಉದುರುವ ಕಿಡಿಗಳ ಹಿಂದೆ ಹುಳುಗಳು ಕೆಳಗಿಳಿಯುತ್ತವೆ. ಆ ಸಮಯದಲ್ಲಿ ಎರಿ ಕೊಯ್ಯಬೇಕು. ಕೈತಪ್ಪಿದರೆ ಪ್ರಾಣವೇ ಹೋದೀತು. ಹೆಜ್ಜೇನಿನ ಎರಿಯಲ್ಲಿ ಜೇನಿರುವುದು ಕೊಂಬೆಗೆ ಅಂಟಿದ ಮೇಲಿನ ಮೂಲೆಯಲ್ಲಿ. ಕೆಳಗಿನ ಭಾಗವೆಲ್ಲ ಮೊಟ್ಟೆ, ಮರಿ. ಇಡೀ ಎರಿ ಕೊಯ್ದರೆ ಒಂದು ಪೀಳಿಗೆ ಹೋಯಿತು. ಜೇನಿನ ಭಾಗವನ್ನಷ್ಟೇ ಕೊಯ್ದು ಮರಿಗಳನ್ನು ಬಿಟ್ಟರೆ ಕುಟುಂಬ ಉಳಿದುಕೊಳ್ಳಬಲ್ಲದು.

2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳನ್ನು ಪಟ್ಟಿಮಾಡುವಾಗ ಜೇನನ್ನೂ ಮೇಣವನ್ನೂ ಹೆಸರಿಸಿ, ಅವುಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಒಪ್ಪಿತು. ಬಿಳಿಗಿರಿರಂಗನ ಬೆಟ್ಟದ ಹಲವು ಸೋಲಿಗ ಪೋಡುಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ.

ಎರಿ ಹಿಂಡಿ ತೆಗೆದ ಜೇನಿನಲ್ಲಿ ಮರಿಗಳ ರಸವೂ ಸೇರುತ್ತದೆ. ಇದು ಹಿಂಸೆ ಎಂಬ ವಿಚಾರ ನಮ್ಮಲ್ಲಿ ಬಹಳ ಹಿಂದೆಯೇ ಮೂಡಿತ್ತು. ಮದ್ಯ, ಮಾಂಸಗಳ ಜತೆಗೆ ಮಧುವನ್ನೂ ಬಿಡಬೇಕೆಂದು ಜೈನ ಶ್ರಾವಕಾಚಾರ ಹೇಳುವುದು ಈ ಕಾರಣಕ್ಕೆ. ಅಂದರೆ ಜೇನನ್ನು ಅಮೃತವೆಂದು ಅಭಿಷೇಕಕ್ಕೆ ಬಳಸಿದ ನಾಡಿನಲ್ಲೇ, ಅದು ಯಾರಿಂದಲೋ ಕಿತ್ತುಕೊಂಡ ಅನ್ನ ಎಂದು ಕೈಬಿಟ್ಟವರೂ ಇದ್ದರು. ಎರಡೂ ಕಡೆಯವರು ಹುಳುವಿನ ದುಡಿಮೆಯನ್ನು ಕಂಡವರೇ.

ಈ ಇಕ್ಕಟ್ಟಿಗೆ ಒಂದು ದಾರಿ ತೋರಿಸಿದ್ದು ಮರದ ಪೆಟ್ಟಿಗೆ. ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಒಂದು ಸಣ್ಣ ಸಂಗತಿ ಗಮನಿಸಿದ. ಎರಡು ಭಾಗಗಳ ನಡುವೆ ಒಂಬತ್ತು ಮಿಲಿಮೀಟರಿನಷ್ಟು ಜಾಗ ಬಿಟ್ಟರೆ ಹುಳುಗಳು ಅದನ್ನು ಓಡಾಟದ ದಾರಿಯಾಗಿ ಉಳಿಸಿಕೊಳ್ಳುತ್ತವೆ. ಮೇಣದಿಂದಲೋ ಅಂಟಿನಿಂದಲೋ ಮುಚ್ಚುವುದಿಲ್ಲ. ಈ ಅಳತೆಯಲ್ಲಿ ಚೌಕಟ್ಟುಗಳನ್ನು ಜೋಡಿಸಿದರೆ ಒಂದೊಂದನ್ನೇ ಪುಸ್ತಕದ ಹಾಳೆಯಂತೆ ಎತ್ತಿ ನೋಡಬಹುದು. 1865ರಲ್ಲಿ ಜೇನು ತೆಗೆಯುವ ತಿರುಗುಯಂತ್ರ ಬಂತು. ಚೌಕಟ್ಟನ್ನು ಅದರಲ್ಲಿಟ್ಟು ತಿರುಗಿಸಿದರೆ ಜೇನು ಸಿಡಿದು ಹೊರಬರುತ್ತದೆ, ಎರಿ ಹಾಗೆಯೇ ಉಳಿಯುತ್ತದೆ, ಮರಿಗಳಿಗೆ ಅಪಾಯವಿಲ್ಲ. ತುಡುವೆ ಯುರೋಪಿನ ಹುಳುವಿಗಿಂತ ಚಿಕ್ಕದಾದ್ದರಿಂದ ಆ ಪೆಟ್ಟಿಗೆ ನಮಗೆ ಒಗ್ಗುತ್ತಿರಲಿಲ್ಲ. ತಿರುಚಿರಾಪಳ್ಳಿಯ ಜೆಸ್ವಿಟ್ ಪಾದ್ರಿ ನ್ಯೂಟನ್ 1910ರ ದಶಕದಲ್ಲಿ ತುಡುವೆಗೆ ತಕ್ಕ ಸಣ್ಣ ಪೆಟ್ಟಿಗೆ ರೂಪಿಸಿದರು. ದಕ್ಷಿಣ ಭಾರತದ ಜೇನುಕೃಷಿ ನಿಂತದ್ದು ಈ ‘ನ್ಯೂಟನ್ ಪೆಟ್ಟಿಗೆ’ಯ ಮೇಲೆ. 1934ರಲ್ಲಿ ಗಾಂಧೀಜಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಜೇನುಸಾಕಣೆಯನ್ನು ಹಳ್ಳಿಯ ಕಸುಬಾಗಿ ಎತ್ತಿಕೊಂಡಿತು. ಹುಳುವಿಗೂ ನೋವಾಗದ, ಬಂಡವಾಳವೂ ಬೇಡದ ಕಸುಬು ಅವರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊಡಗಿನ ಏಳುಬೀಳು

ಈ ಪೆಟ್ಟಿಗೆ ಕರ್ನಾಟಕದಲ್ಲಿ ಚೆನ್ನಾಗಿ ಬೇರೂರಿದ ಕಡೆಗಳಲ್ಲಿ ಕೊಡಗು ಮುಖ್ಯವಾದುದು. ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಭಾಗಮಂಡಲ ಜೇನುಕೃಷಿಯ ಇನ್ನೊಂದು ಕೇಂದ್ರವಾಯಿತು. ಜಾಗವೂ ಅದಕ್ಕೆ ಹೇಳಿಮಾಡಿಸಿದಂತಿತ್ತು. ಕಾಫಿ ತೋಟದ ನೆರಳಿಗೆಂದು ಉಳಿಸಿಕೊಂಡ ಕಾಡುಮರಗಳು, ಪಕ್ಕದಲ್ಲೇ ದೇವರಕಾಡು, ಏಲಕ್ಕಿ ಮಲೆ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾದರೆ ಪೆಟ್ಟಿಗೆಗಳಿಗೆ ಸುಗ್ಗಿ. ಒಂದು ತುಡುವೆ ಪೆಟ್ಟಿಗೆಯಿಂದ ವರ್ಷಕ್ಕೆ ಕೆಲವೇ ಕಿಲೋ ಸಿಗುತ್ತಿದ್ದರೂ, ಹಿತ್ತಿಲಲ್ಲಿ ನಾಲ್ಕಾರು ಪೆಟ್ಟಿಗೆ ಇಟ್ಟ ಸಣ್ಣ ಹಿಡುವಳಿದಾರನಿಗೆ ಅದು ಮಳೆಗಾಲಕ್ಕೆ ಮುಂಚೆ ಕೈಸೇರುವ ನಗದು. ‘ಕೊಡಗಿನ ಜೇನು’ ಎಂಬ ಹೆಸರು ರಾಜ್ಯದಾಚೆಗೂ ಹಬ್ಬಿತು.

1991–92ರಲ್ಲಿ ಅದು ಕುಸಿದುಬಿತ್ತು. ಕಾರಣ ಒಂದು ವೈರಸ್. ಥಾಯ್ಲೆಂಡಿನಲ್ಲಿ 1976ರಲ್ಲಿ ಮೊದಲು ಗುರುತಿಸಿದ್ದರಿಂದ ಇದಕ್ಕೆ ‘ಥಾಯ್ ಸ್ಯಾಕ್‌ಬ್ರೂಡ್’ ಎಂಬ ಹೆಸರು. 1978ರ ಹೊತ್ತಿಗೆ ಈಶಾನ್ಯ ಭಾರತಕ್ಕೆ ಬಂದ ಈ ರೋಗ 1990ರ ದಶಕದ ಆರಂಭದಲ್ಲಿ ಕೇರಳ, ತಮಿಳುನಾಡು, ಕರ್ನಾಟಕಗಳನ್ನು ಹೊಕ್ಕಿತು. ದೊಡ್ಡ ಹುಳುವಿಗೆ ಇದರಿಂದ ಕಣ್ಣಿಗೆ ಕಾಣುವ ತೊಂದರೆಯಿಲ್ಲ, ಸಾಯುವುದು ಮರಿ. ಪೊರೆ ಕಳಚಿ ಕೋಶವಾಗಬೇಕಾದ ಹೊತ್ತಿನಲ್ಲಿ ಅದು ಕಳಚಲಾರದೆ, ಚರ್ಮದೊಳಗೆ ನೀರು ತುಂಬಿಕೊಂಡು ಸಣ್ಣ ಚೀಲದಂತಾಗಿ ಕಣದಲ್ಲೇ ಸಾಯುತ್ತದೆ. ಆರು ವಾರ ಬದುಕುವ ಹುಳುಗಳ ಸಂಸಾರದಲ್ಲಿ ಹೊಸ ಪೀಳಿಗೆ ಬರದಿದ್ದರೆ ಎರಡು ತಿಂಗಳಲ್ಲಿ ಪೆಟ್ಟಿಗೆ ಬರಿದು. ಮೂರು ರಾಜ್ಯಗಳಲ್ಲಿ ಸಾಕಿದ ತುಡುವೆ ಕುಟುಂಬಗಳ ಪೈಕಿ ಶೇ 90ಕ್ಕೂ ಹೆಚ್ಚು ಅಳಿದವೆಂದು ಅಂದಾಜು. ತಲೆಮಾರುಗಳಿಂದ ಸಾಕಿದವರ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು.

ನಷ್ಟವಾದದ್ದು ಜೇನುತುಪ್ಪ ಮಾತ್ರವಲ್ಲ. ಏಲಕ್ಕಿ ಹೂವು ಬೆಳಗಿನಲ್ಲಿ ಅರಳಿ ಒಂದೇ ದಿನಕ್ಕೆ ಬಾಡುತ್ತದೆ. ಅಷ್ಟರೊಳಗೆ ಹುಳು ಬಂದು ಪರಾಗ ಮುಟ್ಟಿಸದಿದ್ದರೆ ಕಾಯಿ ಕಟ್ಟುವುದೇ ಇಲ್ಲ. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಬೇರೊಂದು ಗಿಡದ ಪರಾಗ ಬೇಕು. ಗಾಳಿ ಸ್ವಲ್ಪ ತರುತ್ತದೆ, ಮಿಕ್ಕದ್ದನ್ನು ಹೆಜ್ಜೇನು, ತುಡುವೆ, ಮುಜಂಟಿಗಳು ತರಬೇಕು. ಜೇನು ಸಾಕದ, ಜೇನು ತಿನ್ನದ ಬೆಳೆಗಾರನೂ ಹುಳುವಿನ ಋಣದಲ್ಲಿದ್ದಾನೆ. ಕಾಯಿಪಲ್ಯದಿಂದ ಸೂರ್ಯಕಾಂತಿಯ ತನಕ ಎಷ್ಟೋ ಬೆಳೆಗಳ ಮಾತೂ ಇದೇ. ಹುಳು ಮಾಡುವ ಕೆಲಸದಲ್ಲಿ ಸೀಸೆಗೆ ಬರುವುದು ಒಂದು ಪಾಲು ಮಾತ್ರ. ಬೆಲೆ ಕಟ್ಟದೆ ಹೋಗುವ ಪಾಲು ಅದಕ್ಕಿಂತ ದೊಡ್ಡದು.

ತುಡುವೆ ಪೂರ್ತಿ ಅಳಿಯಲಿಲ್ಲ. ಕಾಡಿನ ಪೊಟರೆಗಳಲ್ಲಿ ರೋಗ ತಾಳಿಕೊಂಡು ಉಳಿದ ಕುಟುಂಬಗಳಿಂದ ನಿಧಾನವಾಗಿ ಮತ್ತೆ ಪೆಟ್ಟಿಗೆಗಳು ತುಂಬಿದವು. ಆದರೆ ರೋಗ ಆಗಾಗ್ಗೆ ಮರುಕಳಿಸುತ್ತದೆ. ಅದಕ್ಕೆ ಹಚ್ಚುವ ಮದ್ದಿಲ್ಲ. ಬಲವಾದ ಕುಟುಂಬಗಳನ್ನು ಆರಿಸಿ ಬೆಳೆಸುವುದು, ರೋಗ ಬಿದ್ದ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕದಿರುವುದು ಇವೇ ಉಪಾಯ. ಈ ಮಧ್ಯೆ ದೇಶದ ಜೇನು ಉತ್ಪಾದನೆಯ ಭಾರ ಯುರೋಪಿನ ಹುಳುವಿನ ಕಡೆ ವಾಲಿದೆ. 1962ರಿಂದ ಪಂಜಾಬಿನ ಕಡೆ ನೆಲೆಗೊಳಿಸಿದ ಈ ಹುಳು ಸಾಸಿವೆ ಹೊಲಗಳಲ್ಲಿ ತುಡುವೆಯ ಹಲವು ಪಟ್ಟು ಜೇನು ಕೊಡುತ್ತದೆ. ಉತ್ತರದ ಬಯಲಿಗೆ ಅದು ಒಳ್ಳೆಯದೇ. ಮಲೆನಾಡಿನ ಮಳೆಗೆ, ಚದುರಿದ ಕಾಡುಹೂಗಳಿಗೆ ಒಗ್ಗಿದ್ದು ಮಾತ್ರ ತುಡುವೆಯೇ.

ಮದ್ದೋ, ಸಿಹಿಯೋ?

ಆಯುರ್ವೇದ ಜೇನನ್ನು ‘ಯೋಗವಾಹಿ’ ಎನ್ನುತ್ತದೆ. ಬೆರೆಸಿದ ಔಷಧಿಯ ಗುಣವನ್ನು ಹೊತ್ತು ಒಯ್ಯುವುದು ಎಂದರ್ಥ. ತ್ರಿಕಟು ಚೂರ್ಣವನ್ನೋ ಹಸಿಶುಂಠಿ ರಸವನ್ನೋ ಜೇನಿನಲ್ಲಿ ನೆಕ್ಕಿಸುವ ರೂಢಿ ಇದರಿಂದ ಬಂದದ್ದು. ಅದೇ ಶಾಸ್ತ್ರ ಜೇನಿಗೆ ನಿಷೇಧಗಳನ್ನೂ ಹೇಳುತ್ತದೆ: ಕಾಯಿಸಬಾರದು, ಸಮತೂಕದ ತುಪ್ಪದೊಡನೆ ಸೇರಿಸಬಾರದು. ಕಾಯಿಸಿದರೆ ಕಿಣ್ವಗಳು ನಾಶವಾಗುತ್ತವೆ, ಪರಿಮಳ ಹೋಗುತ್ತದೆ ಎಂಬುದನ್ನು ಈಗಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಕೆಮ್ಮಿಗೆ ಜೇನು ಹಿತ ಎಂಬ ಅಜ್ಜಿಯ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆಯೂ ತಳ್ಳಿಹಾಕಿಲ್ಲ.

ಆದರೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಸಂಪ್ರದಾಯ ನಮ್ಮಲ್ಲಿ ವ್ಯಾಪಕ. ಜೇನಿನಲ್ಲಿ ಬೊಟುಲಿನಂ ಎಂಬ ರೋಗಾಣುವಿನ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ; ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸಬಹುದು. ಅದು ನರಗಳನ್ನು ತಟ್ಟುವ ಗಂಭೀರ ಕಾಯಿಲೆ. ಒಂದು ವರ್ಷ ತುಂಬುವ ತನಕ ಮಗುವಿಗೆ ಜೇನು ಬೇಡ ಎಂಬುದು ವೈದ್ಯರ ಸ್ಪಷ್ಟ ಮಾತು. ಶಾಸ್ತ್ರಕ್ಕೆಂದು ಒಂದು ಹನಿಯೂ ಬೇಡ. ಎರಡನೆಯದು ಸಕ್ಕರೆ ಕಾಯಿಲೆಯವರಿಗೆ. ‘ಜೇನು ಸಕ್ಕರೆಯಲ್ಲ’ ಎಂಬ ನಂಬಿಕೆ ತಪ್ಪು. ಅದರ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಸಕ್ಕರೆಯೇ.

ಅಸಲಿ ಯಾವುದು?

ಬೆಲ್ಲದ ಪಾಕ ಬೆರೆಸಿ ಜೇನೆಂದು ಮಾರುವ ಮೋಸ ಹಳೆಯದು. ಅದನ್ನು ಹಿಡಿಯಲು ಮನೆಮನೆಯಲ್ಲಿ ಪರೀಕ್ಷೆಗಳಿವೆ: ನೀರಿಗೆ ಹಾಕಿದರೆ ತಳಕ್ಕೆ ಇಳಿಯಬೇಕು, ಅದ್ದಿದ ಬತ್ತಿ ಉರಿಯಬೇಕು, ಇರುವೆ ಮುತ್ತಬಾರದು. ಇವೊಂದೂ ನಂಬಿಕೆಗೆ ಯೋಗ್ಯವಲ್ಲ. ಗಟ್ಟಿ ಪಾಕವೂ ತಳಕ್ಕಿಳಿಯುತ್ತದೆ. ಅಸಲಿ ಜೇನಿಗೂ ಇರುವೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಹರಳುಗಟ್ಟುವುದರ ಬಗ್ಗೆ. ಸೀಸೆಯ ತಳದಲ್ಲಿ ಸಕ್ಕರೆಯಂತೆ ಕಂಡೊಡನೆ ಜನ ಅಂಗಡಿಯವನ ಮೇಲೆ ಹರಿಹಾಯುತ್ತಾರೆ. ಅದು ಜೇನಿನೊಳಗಿನ ಗ್ಲುಕೋಸ್ ತಾನಾಗಿ ಹರಳಾಗುವುದು. ಗ್ಲುಕೋಸ್ ಹೆಚ್ಚಿರುವ ಹೂವುಗಳ ಜೇನು, ಸಾಸಿವೆಯದಂತೂ, ಬೇಗ ಹರಳುಗಟ್ಟುತ್ತದೆ. ಬೆಚ್ಚನೆಯ ನೀರಿನಲ್ಲಿ ಸೀಸೆ ಇಟ್ಟರೆ ಕರಗುತ್ತದೆ.

ಇಂದಿನ ಕಲಬೆರಕೆ ಬೆಲ್ಲದ ಪಾಕದಷ್ಟು ಸರಳವಲ್ಲ. ಕಬ್ಬು ಮತ್ತು ಮೆಕ್ಕೆಜೋಳ ಗಾಳಿಯಿಂದ ಇಂಗಾಲ ಹೀರುವ ರೀತಿ ಬೇರೆ. ಅವುಗಳ ಸಕ್ಕರೆಯ ಇಂಗಾಲದಲ್ಲಿ ಆ ಗುರುತು ಉಳಿಯುತ್ತದೆ. ಪ್ರಯೋಗಾಲಯ ಅದನ್ನು ಪತ್ತೆಹಚ್ಚುತ್ತದೆ. ಇದನ್ನು ತಪ್ಪಿಸಲು ಅಕ್ಕಿಯಿಂದ ತಯಾರಿಸಿದ ಪಾಕ ಬಂತು. ಭತ್ತದ ಇಂಗಾಲ ಹೆಚ್ಚಿನ ಹೂಗಿಡಗಳ ಇಂಗಾಲದಂತೆಯೇ ಇರುವುದರಿಂದ ಹಳೆಯ ಪರೀಕ್ಷೆಗೆ ಸಿಗಲಿಲ್ಲ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್‌ವಿರಾನ್‌ಮೆಂಟ್ 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ತನಿಖೆಯ ಪ್ರಕಾರ, 13 ಬ್ರಾಂಡುಗಳ ಪೈಕಿ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದವು ಮೂರೇ. ಕಂಪನಿಗಳು ಈ ಫಲಿತಾಂಶವನ್ನು ಅಲ್ಲಗಳೆದವು. ವಾದ ಏನೇ ಇರಲಿ, ಒಂದು ಮಾತು ಸ್ಪಷ್ಟ: ಪಾಕವನ್ನು ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ಮಾಡಬಹುದು, ಜೇನನ್ನು ಹಾಗೆ ಮಾಡಲಾಗದು. ಪಾಕದ ಬೆಲೆಯೊಡನೆ ಪೈಪೋಟಿಗಿಳಿದರೆ ಸೋಲುವುದು ಮರ ಹತ್ತಿದವನು, ಪೆಟ್ಟಿಗೆ ಸಾಕಿದವನು. ಅವನು ಕಸುಬು ಬಿಟ್ಟರೆ ಪೆಟ್ಟಿಗೆ ಹೋಗುತ್ತದೆ; ಪೆಟ್ಟಿಗೆ ಹೋದರೆ ಸುತ್ತಲಿನ ಹೂವುಗಳಿಗೆ ಬರುವವರು ಕಡಿಮೆಯಾಗುತ್ತಾರೆ.

ಕೊಳ್ಳುವವರ ಕೈಯಲ್ಲಿರುವುದು ಸ್ವಲ್ಪವೇ ಆದರೂ ಅದನ್ನು ಮಾಡಬಹುದು. ಯಾವ ಊರಿನದು, ಯಾವ ಕಾಲದ್ದು ಎಂದು ಕೇಳಿ ಕೊಳ್ಳುವುದು. ಕಳೆದ ಸಲದಂತೆ ಬಣ್ಣವಿಲ್ಲ, ರುಚಿಯಿಲ್ಲ ಎಂದು ದೂರದಿರುವುದು. ಹೂವು ಬದಲಾದಾಗ ಜೇನೂ ಬದಲಾಗಲೇಬೇಕು. ವರ್ಷವಿಡೀ ಒಂದೇ ಬಣ್ಣ, ಒಂದೇ ರುಚಿ ಇದ್ದರೆ ಅದು ಹಲವು ಕಡೆಯದನ್ನು ಬೆರೆಸಿ ಹದಮಾಡಿದ್ದು ಎಂದು ತಿಳಿಯಬೇಕು. ಇನ್ನು ಬೆಳೆಗಾರರು ಹೂವು ತುಂಬಿದ ದಿನಗಳಲ್ಲಿ ಕೀಟನಾಶಕ ಹೊಡೆಯದಿದ್ದರೆ, ಹೊಡೆಯಲೇಬೇಕಾದರೆ ಹುಳುಗಳು ಗೂಡು ಸೇರಿದ ಸಂಜೆ ಹೊಡೆದರೆ, ಜೇನಿಗಿಂತ ಹೆಚ್ಚಾಗಿ ತಮ್ಮ ಬೆಳೆಗೇ ಉಪಕಾರ ಮಾಡಿಕೊಂಡಂತೆ.

ಬೆಲ್ಲವಿದ್ದ ನಾಡಿನಲ್ಲಿ ಜೇನಿಗೆ ಬೇರೆ ಮಣೆ ಹಾಕಿದ್ದು ಅದು ಬೆಲ್ಲಕ್ಕಿಂತ ಸಿಹಿ ಎಂದಲ್ಲ. ಬೆಲ್ಲವನ್ನು ನಾವು ಬೆಳೆದು, ಅರೆದು, ಕಾಯಿಸಿಕೊಳ್ಳಬಲ್ಲೆವು. ಜೇನು ನಮ್ಮ ಕೈಯಲ್ಲಿಲ್ಲ. ಹೂವು ಬಿಡಬೇಕು, ಮಳೆ ಹದವಾಗಿ ಬರಬೇಕು, ಹುಳು ಬದುಕಿರಬೇಕು. ಪೂಜೆಯ ಬಟ್ಟಲಿಗೆ ಒಂದು ಚಮಚ ಜೇನು ಹಾಕುವಾಗ ಹಿಂದಿನವರು ಈ ಮೂರನ್ನೂ ಲೆಕ್ಕಕ್ಕೆ ಹಿಡಿದಿದ್ದರು. 1991ರಲ್ಲಿ ಬರಿದಾದ ಪೆಟ್ಟಿಗೆಗಳನ್ನು ಕಂಡ ಕೊಡಗಿನ ಮನೆಗಳಿಗೆ ಅದನ್ನು ಮತ್ತೆ ವಿವರಿಸಬೇಕಾಗಿಲ್ಲ.